ಏಳು ಗಂಟು, ಒಂದು ಸಂಚಿ

ನಮ್ಮ ಚಾಕಿ ಮನೆಯ ಬಾಗಿಲಲ್ಲಿ ಡ್ರೈವರಣ್ಣ ನಿಂತಿದ್ದರೆ ಯಾರೂ ನೇರವಾಗಿ ಒಳಗೆ ಹೋಗುವಂತಿರಲಿಲ್ಲ. "ಕೈ ಕೊಡಿ" ಅನ್ನುತ್ತಿದ್ದರು. ಚಾಚಿದ ಕೈಯನ್ನು ಮುಟ್ಟುತ್ತಿರಲಿಲ್ಲ. ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸ್ವಲ್ಪ ಬಗ್ಗಿ, ಆ ಉದ್ದ ಮೂಗನ್ನು ಅಂಗೈ ಹತ್ತಿರ ತಂದು ಒಂದೇ ಒಂದು ಸಲ ಉಸಿರೆಳೆದುಕೊಳ್ಳುತ್ತಿದ್ದರು. "ಬೆಳ್ಳುಳ್ಳಿ ಬಿಡಿಸಿದ್ದೀಯ ಕಣಮ್ಮ. ಬೂದಿ ಹಾಕ್ಕೊಂಡು ಇನ್ನೊಂದ್ಸಲ ತೊಳ್ಕೊಂಡ್ ಬಾ." ಕೆಲಸಕ್ಕೆ ಬರುತ್ತಿದ್ದ ಆರು ಜನ ಹೆಂಗಸರೂ ಗೊಣಗುತ್ತಾ ಕೈ ತೊಳೆಯಲು ಹೋಗುತ್ತಿದ್ದರು. ಒಬ್ಬಳಂತೂ ಒಂದು ದಿನ "ಇವರಿಗೆ ಗೊತ್ತಾಗದೆ ಮನೇಲಿ ಒಂದು ಸಾರು ಮಾಡೋ ಹಂಗಿಲ್ಲ" ಅಂತ ಕೂಗಾಡಿದಳು. ಡ್ರೈವರಣ್ಣ ತಿರುಗಿಯೂ ನೋಡದೆ "ಇವತ್ತು ಸಾರಲ್ಲ, ಉಪ್ಸಾರು" ಅಂದರು.

ಪುರವರ ಹೋಬಳಿಯಲ್ಲಿ ನಮ್ಮದು ಚಾಕಿ, ಅಂದರೆ ರೇಷ್ಮೆಯ ಎಳೆ ಹುಳು, ಸಾಕುವ ಕೇಂದ್ರ. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದ ಮೇಲೆ ಮೊದಲ ಎಂಟು ಹತ್ತು ದಿನ ಬಾಣಂತಿ ಮನೆಯ ಕೂಸಿನ ಹಾಗೆ ನೋಡಿಕೊಳ್ಳಬೇಕು. ಅಷ್ಟು ದಿನ ನಾವು ಸಾಕಿ, ಎರಡನೇ ಜ್ವರಕ್ಕೆ ಕೂತಾಗ ತಟ್ಟೆಗಳನ್ನು ಗಾಡಿಗೆ ಹಾಕಿ ರೈತರ ಮನೆಗೆ ಮುಟ್ಟಿಸುತ್ತೇವೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತು. ಆ ಹೊತ್ತು ಮುಗಿಯುವುದರೊಳಗೆ ಹುಳು ಊರು ಸೇರಬೇಕು. ಊದುಬತ್ತಿ, ಸೆಂಟು, ಸೊಳ್ಳೆಬತ್ತಿ, ಬೀಡಿ ಹೊಗೆ ಯಾವುದೂ ಅವಕ್ಕೆ ಆಗುವುದಿಲ್ಲ. ಹೊಗೆಸೊಪ್ಪಂತೂ ಬರೀ ನಂಜು.

ಇಷ್ಟು ಹೇಳಿದರೆ ಡ್ರೈವರಣ್ಣ ವಾಸನೆಯ ವೈರಿ ಅಂತ ಯಾರಾದರೂ ಅಂದುಕೊಂಡಾರು. ಅಲ್ಲ. ನಾಲ್ಕು ತಾಲ್ಲೂಕಿನಲ್ಲಿ ಅವರನ್ನು ಜನ ಹುಡುಕಿಕೊಂಡು ಬರುತ್ತಿದ್ದದ್ದೇ ವಾಸನೆಗಾಗಿ. ಮಧುಗಿರಿಯಿಂದ ಪಾವಗಡದವರೆಗೆ ಯಾರ ಗಾಡಿಯ ವೈರು ಇಲಿ ಕಡಿದರೂ, ಯಾರ ಮನೆಯ ಅಟ್ಟದಲ್ಲಿ ಇಲಿ ಸಂಸಾರ ಹೂಡಿದರೂ, ವಿಷ ಇಡಲು ಮನಸ್ಸಿಲ್ಲದವರು, ಮನೆಯಲ್ಲಿ ಎಳೆ ಮಕ್ಕಳಿರುವವರು, ಹಸು ಕರು ಕಟ್ಟಿರುವವರು ಅವರ ಹತ್ತಿರ ಬರುತ್ತಿದ್ದರು. ಇಂಥ ಮನುಷ್ಯನ ಬಾಯನ್ನೇ ಒಂದು ದಿನ ಮದಲೂರಿನಲ್ಲಿ ಹತ್ತು ಜನರ ಎದುರು ತೆಗೆಸಿ ಮೂಸಿ ನೋಡಿದರು. ಅದಕ್ಕೆ ಕಾರಣ ನಾನು. ಡ್ರೈವರಣ್ಣ ತೀರಿಕೊಂಡು ಒಂದು ತಿಂಗಳಾಯಿತು. ಆ ದಿನವನ್ನು ಬಿಟ್ಟು ಅವರ ಬಗ್ಗೆ ಬರೆದರೆ ಅದು ಬರೀ ಹೊಗಳಿಕೆಯಾಗುತ್ತದೆ, ಅವರಿಗೆ ಹೊಗಳಿಕೆ ಕಂಡರೂ ಆಗುತ್ತಿರಲಿಲ್ಲ.

ಡ್ರೈವರಣ್ಣನ ಊರು ಮಿಡಿಗೇಶಿಯಿಂದಾಚೆ. ಮಾತಿನಲ್ಲಿ ಪಾವಗಡದ ಕಡೆಯ ತೆಲುಗು ಹಣಕಿ ಹಾಕುತ್ತಿತ್ತು. ಸಣ್ಣ ಆಳು, ಕಿವಿಯ ಮೇಲೆ ಕೂದಲು, ಗುಂಡಿ ಹಾಕಿದ ಜೇಬಿನ ಖಾಕಿ ಅಂಗಿ. ಹುಳು ತುಂಬುವ ದಿನ ತಲೆಗೆ ಎಣ್ಣೆ ಇಲ್ಲ, ಮೈಗೆ ಸೋಪಿಲ್ಲ. ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ ದೂರು ಹೇಳಿದರು: "ಮದುವೆ ಮನೇಲಿ ಎಲ್ಲರ ಮೈಮೇಲೂ ಪನ್ನೀರು ಚಿಮುಕಿಸ್ತಾರೆ. ಈವಯ್ಯ ಪನ್ನೀರು ದಾನಿ ಕಂಡ್ರೆ ಹಿತ್ತಲಿಗೆ ಓಡ್ತಾರೆ." ಇಪ್ಪತ್ತು ವರ್ಷ ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಗಾಡಿ ಓಡಿಸಿದವರು ನಮ್ಮಲ್ಲಿಗೆ ಸೇರಿದ ದಿನವೇ ಅದನ್ನು ಬಿಟ್ಟರು. ಮೊದಲ ಒಂದು ವಾರ ಸಿಡುಕುತ್ತಿದ್ದರು. ಹೆಂಗೆ ಬಿಟ್ಟಿರಿ ಅಂತ ಕೇಳಿದರೆ "ಬುಟ್ಟೆ" ಅಂತ ಒಂದೇ ಮಾತು. ಹಿಂದೆ ಹಾಕುತ್ತಿದ್ದರು ಅನ್ನುವುದು ಮಾತ್ರ ಎಲ್ಲ ರೈತರಿಗೂ ಗೊತ್ತಿತ್ತು.

ನಮ್ಮ ಗಾಡಿ ಸಣ್ಣ ಗೂಡ್ಸ್ ಗಾಡಿ. ಸೀಟಿನ ಕೆಳಗೆ ಇಂಜಿನ್, ಹಿಂದೆ ತಟ್ಟೆ ಜೋಡಿಸಲು ಮುಚ್ಚಿದ ಡಬ್ಬ. ಅದನ್ನು ನಿಲ್ಲಿಸುವ ಜಾಗದ ಪಕ್ಕದಲ್ಲೇ ನೆರೆಯವರ ಕಡಲೆಕಾಯಿ ಕೊಠಡಿ. ಇಲಿಗಳಿಗೆ ಅಲ್ಲಿ ಊಟ, ನಮ್ಮಲ್ಲಿ ಮಲಗಲು ಬೆಚ್ಚಗಿನ ಇಂಜಿನ್ನು. ಡ್ರೈವರಣ್ಣ ಹಳೇ ಬನಿಯನ್ ಬಟ್ಟೆಯಲ್ಲಿ ಏಳು ಸಣ್ಣ ಗಂಟು ಕಟ್ಟಿಕೊಂಡಿದ್ದರು. ಒಂದು ವಾರ ಅದರಲ್ಲಿ ಒಣಗಿದ ಪುದೀನ ಮತ್ತು ಜಜ್ಜಿದ ಲವಂಗ, ಇನ್ನೊಂದು ವಾರ ಲಕ್ಕಿ ಸೊಪ್ಪು ಮತ್ತು ಬಜೆ, ಮತ್ತೊಂದು ವಾರ ಬೆಳ್ಳುಳ್ಳಿ ಸಿಪ್ಪೆ ಮತ್ತು ಒಣಮೆಣಸಿನಕಾಯಿ ಬೀಜ. "ಎಂಟು ದಿನಕ್ಕೆ ಇಲಿ ಯಾವ ವಾಸ್ನೆ ಜೊತೇಲಾದ್ರೂ ನೆಂಟಸ್ತನ ಬೆಳಸ್ತದೆ ಅಮ್ಮಾ. ನೆಂಟಸ್ತನ ಬೆಳೆಯೋಕ್ ಮುಂಚೆ ಬದಲಾಯಿಸ್ಬುಡಬೇಕು." ಗಾಡಿ ನಿಲ್ಲಿಸಿದ ಮೇಲೆ ಇಂಜಿನ್ ಸುತ್ತ ಏಳು ಗಂಟು ಇಡುವುದು. ಬೆಳಿಗ್ಗೆ ಹುಳು ತುಂಬುವುದಕ್ಕೆ ಒಂದು ಗಂಟೆ ಮೊದಲು ಏಳನ್ನೂ ಎಣಿಸಿ ತೆಗೆದು, ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ದೂರದ ಹೊಂಗೆ ಮರಕ್ಕೆ ನೇತುಹಾಕುವುದು. ಆಮೇಲೆ ಸೀಟು ಎತ್ತಿ, ಬಾಗಿಲು ಎಲ್ಲ ತೆರೆದಿಟ್ಟು ಗಾಳಿಗೆ ಬಿಡುವುದು. ಹಿಂದಿನ ಡಬ್ಬದೊಳಗೆ ಮಾತ್ರ ಎಂದೂ ಏನೂ ಇಡುತ್ತಿರಲಿಲ್ಲ. ಅಲ್ಲಿ ನೀರು ಬಿಟ್ಟರೆ ಬೇರೆ ವಾಸನೆ ಇರಬಾರದು ಅನ್ನುವುದು ಅವರ ಕಾನೂನು.

ವಾಸನೆಯನ್ನು ಅವರು ಮಂತ್ರವೆಂದು ಯಾರಿಗೂ ಮಾರಲಿಲ್ಲ. ಮಧುಗಿರಿಯ ಮೇಷ್ಟ್ರೊಬ್ಬರು ಹೊಸ ಕಾರಿನ ವೈರನ್ನು ಎರಡು ಸಲ ಇಲಿ ಕಡಿದಿದೆ, ಏನಾದರೂ ಗಂಟು ಕೊಡಿ ಅಂತ ಬಂದಿದ್ದರು. ಡ್ರೈವರಣ್ಣ ಬಾನೆಟ್ ತೆಗೆಯಲೇ ಇಲ್ಲ. ಹಿಂದಿನ ಸೀಟಿನ ಕೆಳಗೆ ಕೈ ಹಾಕಿ ಒಂದು ಹಿಡಿ ಖಾರದ ಕಡಲೆಬೀಜ, ಮಕ್ಕಳು ಬೀಳಿಸಿದ ಬಿಸ್ಕತ್ತಿನ ಪುಡಿ ತೆಗೆದು ತೋರಿಸಿದರು. "ಸಾರ್, ಎಲೆ ಹಾಕಿ ಊಟಕ್ಕೆ ಕರೆದು, ಆಮೇಲೆ ಮೂಗು ಮುಚ್ಕೊಂಡು ವಾಪಸ್ ಹೋಗು ಅಂದ್ರೆ ಯಾವ ನೆಂಟ ಹೋಗ್ತಾನೆ? ಮೊದ್ಲು ಗುಡಿಸಿ. ತೂತು ಇದ್ರೆ ಜಾಲರಿ ಬಡೀರಿ. ಆಮೇಲೆ ವಾಸ್ನೆ. ವಾಸ್ನೆ ಬೇಲಿ ಅಲ್ಲ ಸಾರ್, ಬರೀ ಗದರಿಕೆ." ಮೇಷ್ಟ್ರಿಗೆ ಸಿಟ್ಟು ಬಂತು. ಆದರೆ ಗುಡಿಸಿದರು ಅಂತ ಕಾಣುತ್ತದೆ, ಮತ್ತೆ ಬರಲಿಲ್ಲ.

ನನಗೂ ಅವರಿಗೂ ದಿನಾ ಜಟಾಪಟಿ. ಕೇಂದ್ರ ನನ್ನ ಹೆಸರಲ್ಲಿದೆ, ಲೈಸೆನ್ಸು ನನ್ನದು, ತರಬೇತಿಗೆ ಹೋಗಿ ಸರ್ಟಿಫಿಕೇಟು ತಂದವಳು ನಾನು. ನನ್ನ ಗಂಡ ಸೊಪ್ಪಿನ ತೋಟ ನೋಡಿಕೊಳ್ಳುತ್ತಾರೆ, ಒಳಗಿನದೆಲ್ಲ ನನ್ನದೇ ಯಜಮಾನಿಕೆ. ಹೀಗಿರುವಾಗ ಡ್ರೈವರೊಬ್ಬರು ಬಾಗಿಲಲ್ಲಿ ನಿಂತು ಎಲ್ಲರ ಕೈ ಮೂಸುವುದು ನನಗೆ ಅಷ್ಟು ಹಿಡಿಸುತ್ತಿರಲಿಲ್ಲ. ಅವರು ನನ್ನ ಕೈ ಮಾತ್ರ ಕೇಳುತ್ತಿರಲಿಲ್ಲ. ಯಜಮಾನಿ ಅಂತ ಬಿಟ್ಟಿದ್ದರು. ನಾನೂ ಅದೇ ಸರಿ ಅಂದುಕೊಂಡಿದ್ದೆ.

ಆ ಸಲ ಅವರು ತಂಗಿಯ ಮಗಳ ಮದುವೆಗೆ ಅಂತ ನಾಲ್ಕು ದಿನ ರಜೆ ಹಾಕಿ ಪಾವಗಡದ ಕಡೆ ಹೋದರು. ಹೋಗುವಾಗ ಏಳು ಗಂಟು ಇಟ್ಟು ತೆಗೆಯುವುದನ್ನು ನನಗೆ ಎರಡೆರಡು ಸಲ ಹೇಳಿದರು. ಮೊದಲ ದಿನ ಇಟ್ಟೆ. ಎರಡನೇ ದಿನ ಮರೆತೆ. ಮೂರನೇ ದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಸೀಟು ಎತ್ತಿ ನೋಡಿದರೆ ಒಂದು ಕಟ್ಟು ವೈರು ತುಂಡು ತುಂಡು. ಹಿಂದಿನ ಡಬ್ಬದ ಮೂಲೆಯಲ್ಲಿ ರಬ್ಬರ್ ಪಟ್ಟಿಯನ್ನೂ ಕಡಿದು ತೂತು ಮಾಡಿದ್ದವು. ಮಧುಗಿರಿಯಿಂದ ಎಲೆಕ್ಟ್ರಿಷಿಯನ್ ಬಂದು ವೈರು ಸರಿ ಮಾಡಿದ. ಮೂಲೆಯ ತೂತು ಹಾಗೇ ಉಳಿಯಿತು. ಒಂದು ದಿನ ಬಿಟ್ಟು ಬೆಳಿಗ್ಗೆ ಹುಳು ಹೊರಡಬೇಕು. ಡಬ್ಬದೊಳಗೆ ಇಲಿ ನುಗ್ಗಿದರೆ ದಾರಿಯಲ್ಲೇ ಒಂದು ತಟ್ಟೆ ಹುಳು ತಿಂದು ಮುಗಿಸುತ್ತದೆ ಅಂತ ನನಗೆ ಜೀವ ಹಾರಿಹೋಯಿತು.

ಮೊಬೈಲಿನಲ್ಲಿ ಯಾರೋ ತೋರಿಸಿದ್ದನ್ನು ನೋಡಿದ್ದೆ: ಬಟ್ಟೆ ಚೀಲದಲ್ಲಿ ಪುದೀನ, ಲವಂಗ ತುಂಬಿ ತೂತಿನ ಹತ್ತಿರ ಕಟ್ಟಿ, ಎಲ್ಲವೂ ನೈಸರ್ಗಿಕ, ಯಾರಿಗೂ ತೊಂದರೆಯಿಲ್ಲ. ಒಂದು ದಿನಕ್ಕೆ ತಾನೆ ಅಂದುಕೊಂಡೆ. ಕೈಗೆ ಸಿಕ್ಕಿದ ಚೀಲ ನಮ್ಮ ಅತ್ತೆಯವರ ಎಲೆಅಡಿಕೆ ಸಂಚಿ. ಅತ್ತೆ ತೀರಿಕೊಂಡು ವರ್ಷವಾಗಿತ್ತು, ಸಂಚಿ ಗೋಡೆಯ ಮೊಳೆಯಲ್ಲಿ ಹಾಗೇ ತೂಗುತ್ತಿತ್ತು. ಅದನ್ನು ಒದರಿದೆ, ಕೊಡವಿದೆ, ಮೇಲಿನ ಜೇಬಿಗೆ ಪುದೀನ ಲವಂಗ ತುರುಕಿ ದಾರ ಎಳೆದೆ. ಡಬ್ಬದ ಕತ್ತಲು ಮೂಲೆಯ ಕೊಕ್ಕೆಗೆ ಕಟ್ಟಿದೆ. ಸಂಚಿಗೆ ಒಂದರೊಳಗೊಂದು ಜೇಬುಗಳಿರುತ್ತವೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಒಳಗಿನದನ್ನು ಬಿಚ್ಚಿ ನೋಡಲಿಲ್ಲ.

ಡ್ರೈವರಣ್ಣ ಹುಳು ಹೊರಡುವ ಹಿಂದಿನ ಸಂಜೆ ಬಂದರು. ಮದುವೆಮನೆಯ ತಣ್ಣೀರು, ಬಿಸಿಲು, ಅಲೆದಾಟಕ್ಕೆ ನೆಗಡಿ ಹಿಡಿದಿತ್ತು. ಮೂಗು ಕೆಂಪಾಗಿ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೆಳಿಗ್ಗೆ ಏಳು ಗಂಟು ತೆಗೆದು ಎಣಿಸಿ ಮರಕ್ಕೆ ಕಟ್ಟಿದರು. ಆಮೇಲೆ ನನ್ನ ಹತ್ತಿರ ಬಂದು, ಹೇಳಲು ನಾಚಿಕೆಪಟ್ಟವರ ಹಾಗೆ ಹೇಳಿದರು: "ಅಮ್ಮಾ, ಇವತ್ತು ನನ್ ಮೂಗು ಪೂರ್ತಿ ಕಟ್ಕೊಂಡೈತೆ. ಏನೂ ಗೊತ್ತಾಗ್ತಿಲ್ಲ. ಹಿಂದೆ ಡಬ್ಬದೊಳಗೆ ನೀವೇ ಒಂದ್ಸಲ ಮೂಸಿ ನೋಡ್ಬುಡಿ."

ಆರು ಜನ ಹೆಂಗಸರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ನನ್ನ ಸಂಚಿ ಆ ಮೂಲೆಯಲ್ಲಿದೆ ಅಂತ ನನಗೆ ಗೊತ್ತು. ಅದನ್ನು ಹೇಳಿದರೆ ಇವರೆಲ್ಲರ ಮುಂದೆ ನನಗೆ ಪಾಠ ಶುರುವಾಗುತ್ತದೆ. ಗಂಟು ಇಡುವುದನ್ನು ಮರೆತದ್ದು, ವೈರು ಹೋದದ್ದು, ಡಬ್ಬದಲ್ಲಿ ವಾಸನೆ ಇಟ್ಟದ್ದು ಎಲ್ಲ ಒಟ್ಟಿಗೆ ಹೊರಬರುತ್ತದೆ. ಪುದೀನ ತಾನೆ, ಏನಾಗುತ್ತೆ? ಬಾಗಿಲ ಹತ್ತಿರ ಹೋಗಿ ತಲೆ ಒಳಗೆ ಹಾಕಿದ ಹಾಗೆ ಮಾಡಿ ತಿರುಗಿದೆ.

"ಮೂಸಿದ್ರಾ ಅಮ್ಮಾ?"

"ಮೂಸಿದೆ. ಏನೂ ಇಲ್ಲ, ತುಂಬಿ" ಅಂದೆ.

ಆ ದಿನ ಮೂರು ಕಡೆ ಹುಳು. ಎರಡು ಮನೆ ಮಧುಗಿರಿಯ ಹತ್ತಿರ, ಕೊನೆಯದು ಶಿರಾ ದಾಟಿ ಮದಲೂರಿನಲ್ಲಿ ರತ್ನಮ್ಮ ಅನ್ನುವವರದು. ರತ್ನಮ್ಮನಿಗೆ ಅದು ಮೊದಲ ಬೆಳೆ. ಮೇಕೆ ಕೊಟ್ಟಿಗೆಯನ್ನೇ ಸುಣ್ಣ ಬಳಿದು ಹುಳುವಿನ ಮನೆ ಮಾಡಿಕೊಂಡಿದ್ದಳು. ಮೂರು ಸಲ ನಮ್ಮಲ್ಲಿಗೆ ಬಸ್ಸಿನಲ್ಲಿ ಬಂದು ಸೊಪ್ಪು ಹೆಚ್ಚುವುದನ್ನು ನೋಡಿ ಕಲಿತು ಹೋಗಿದ್ದಳು. ಹೆಂಗಸಿಗೆ ಇದೆಲ್ಲ ಆಗುತ್ತದೆಯೇ ಅಂತ ಅವಳ ಮಾವ ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದನಂತೆ. ಅವಳ ತೋಟದಲ್ಲಿ ಎಳೆ ಸೊಪ್ಪು ಇನ್ನೂ ಸಾಲದು ಅಂತ ಹುಳು ಜ್ವರ ಬಿಟ್ಟು ಎದ್ದಾಗ ಹಾಕುವ ಮೊದಲ ಮೇವಿಗೆ ನಾವೇ ಒಂದು ಕಟ್ಟು ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸಿದೆವು. ಕೊನೆಯಲ್ಲಿ ಇಳಿಸುವುದು ಮೊದಲು ಒಳಗೆ ಹೋಗಬೇಕಲ್ಲ, ಆ ಕಟ್ಟು ಡಬ್ಬದ ಮೂಲೆ ಸೇರಿತು. ನನ್ನ ಸಂಚಿಗೆ ಒತ್ತಿಕೊಂಡು.

ಮಾರನೆಯ ದಿನ ಒಂಬತ್ತು ಗಂಟೆಗೆ ರತ್ನಮ್ಮನ ಫೋನು. "ಅಕ್ಕಾ, ಬೆಳಿಗ್ಗೆ ಎದ್ದ ಹುಳಕ್ಕೆ ನೀವು ಕೊಟ್ಟ ಸೊಪ್ಪು ಹಾಕ್ದೆ. ತಿಂದವೆಲ್ಲ ತಲೆ ಒದರ್ತಾವೆ ಅಕ್ಕಾ. ಬಾಯಿಂದ ಹಸ್ರುನೀರು ಬರ್ತೈತೆ."

ಅಂಥ ಲಕ್ಷಣ ಹೊಗೆಸೊಪ್ಪಿನ ನಂಜಿನಿಂದ ಬರುತ್ತದೆ ಅಂತ ಈ ಕಸುಬಿನವರಿಗೆಲ್ಲ ಗೊತ್ತು. ಡ್ರೈವರಣ್ಣನಿಗೆ ಹೇಳಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು, ಗಾಡಿ ತೆಗೆದರು. ಮಧುಗಿರಿ ದಾಟಿ ಶಿರಾ ರಸ್ತೆ ಹಿಡಿದೆವು. ಕೊನೆಗೆ ಅವರೇ, "ಇಡೀ ದಾರಿ ನಾನು ಗಾಡಿ ನಿಲ್ಲಿಸಿದ್ದು ಎರಡೇ ಕಡೆ. ಡಬ್ಬದ ಬಾಗ್ಲು ನನ್ ಬುಟ್ಟು ಯಾರೂ ಮುಟ್ಲಿಲ್ಲ" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ನಿನ್ನೆ ಮೈ ಕಾಯ್ತಿತ್ತು ಅಂತ ಗಾಡಿ ತೊಳೀದೆ ಹೋಗ್ಬುಟ್ಟೆ" ಅಂದರು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ. ಸಂಚಿ ನಮ್ಮ ಬೆನ್ನ ಹಿಂದೆಯೇ ತೂಗುತ್ತಿತ್ತು.

ರತ್ನಮ್ಮನ ಮನೆ ಮುಂದೆ ಜನ ಸೇರಿದ್ದರು. ಒಳಗೆ ಹೋಗಿ ನೋಡಿದೆ. ನೋಡುವಂಥದ್ದಾಗಿರಲಿಲ್ಲ. ಎಂಟು ದಿನ ನನ್ನ ಕೈಯಲ್ಲೇ ಬೆಳೆದ ಹುಳುಗಳು. ರತ್ನಮ್ಮ ಗೋಡೆಗೆ ಒರಗಿ ಕೂತಿದ್ದಳು, ಅಳುತ್ತಿರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಗೋಣಿಯನ್ನು ನಾನು ಎತ್ತುವುದಕ್ಕೂ ಮೊದಲೇ ಅವಳ ಮಾವ ಎತ್ತಿದ. ಮೂಗಿಗೆ ಹಿಡಿದ. ಹೊರಗೆ ತಂದು ಎಲ್ಲರಿಗೂ ಹಿಡಿದ.

"ಹೊಗೆಸೊಪ್ಪು! ಮೂಸ್ರಲಾ ಬೇಕಾದ್ರೆ!"

ಒಬ್ಬೊಬ್ಬರಾಗಿ ಮೂಸಿದರು. ಹೌದು ಹೌದು ಅಂದರು. ಪುದೀನದ ವಾಸನೆಯೂ ಅದರಲ್ಲಿತ್ತು. ನನಗೆ ಎಲ್ಲ ಅರ್ಥವಾದದ್ದು ಆಗ. ಸಂಚಿಯ ಒಳಜೇಬಿನಲ್ಲಿ ಅತ್ತೆಯ ಹೊಗೆಸೊಪ್ಪು ಉಳಿದಿತ್ತು. ಗೋಣಿಯ ನೀರಿಗೆ ಅದು ನೆನೆದು ಸೊಪ್ಪಿಗೆ ಇಳಿದಿತ್ತು.

"ಈವಯ್ಯನೇ. ಮೊದ್ಲು ಹಾಕ್ತಿದ್ನಲ್ಲ, ಬುಟ್ಟೆ ಬುಟ್ಟೆ ಅಂತಾನೆ, ಎಲ್ಲಿ ಬುಡ್ತಾನೆ? ಲೇ, ಹಿಡ್ಕೊಳ್ರೋ. ಬಾಯಿ ತೆಗಿಯಯ್ಯ" ಅಂದ ಮಾವ.

ಯಾರೂ ಹಿಡಿದುಕೊಳ್ಳಬೇಕಾಗಲಿಲ್ಲ. ಡ್ರೈವರಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು, ಬೇರೆಯವರ ಕೈ ಮೂಸುವಾಗ ಕಟ್ಟಿಕೊಳ್ಳುವ ಹಾಗೆಯೇ. ಬಾಯಿ ತೆಗೆದರು. ಆ ಮುದುಕ ಅವರ ಗದ್ದ ಹಿಡಿದು ಬಾಯೊಳಗೆ ಮೂಗು ತೂರಿಸಿದ. ನೆಗಡಿಗೆ ಅಂತ ಅವರು ಬೆಳಿಗ್ಗೆಯಿಂದ ಓಂಕಾಳು ಅಗಿಯುತ್ತಿದ್ದರು.

"ಓಂಕಾಳು! ವಾಸ್ನೆ ಮುಚ್ಚೋಕೆ ಓಂಕಾಳು ಹಾಕ್ಕೊಂಡವ್ನೆ, ಕಳ್ಳ!"

ಜನ ಗುಜುಗುಜು ಅಂದರು. ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಸಂಚಿ ನನ್ನದು ಅಂತ ಎರಡು ಪದ ಹೇಳಿದ್ದರೆ ಸಾಕಿತ್ತು. ಕೇಂದ್ರದ ಹೆಸರು, ಲೈಸೆನ್ಸು, ಮುಂದಿನ ವಾರ ಹುಳು ತೆಗೆದುಕೊಳ್ಳಬೇಕಾದ ಕೊರಟಗೆರೆಯ ರೈತರು, ಎಲ್ಲ ನೆನಪಾಗಿ ನಿಂತಲ್ಲೇ ನಿಂತೆ. ನನ್ನ ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಡ್ರೈವರಣ್ಣ ಬಾಯಿ ಮುಚ್ಚಿ, ಟವೆಲಿನಿಂದ ಗದ್ದ ಒರೆಸಿಕೊಂಡು ಗಾಡಿಯ ಹತ್ತಿರ ಹೋದರು. ಡಬ್ಬದ ಬಾಗಿಲು ತೆಗೆದು ಒಳಗೆ ಹತ್ತಿದರು. ಹೊರಗೆ ಬಂದಾಗ ಬಲಗೈ ಮುಷ್ಟಿಯಾಗಿತ್ತು. ಬೆರಳ ಸಂದಿಯಿಂದ ಸಂಚಿಯ ಕೆಂಪು ದಾರ ನೇತಾಡುತ್ತಿತ್ತು. ಆ ದಾರವನ್ನು ಅವರು ನಮ್ಮ ಅತ್ತೆಯ ಸೊಂಟದಲ್ಲಿ ವರ್ಷಗಟ್ಟಲೆ ನೋಡಿದ್ದರು. ನನ್ನ ಮುಖ ನೋಡಿದರು. ನಾನು ಮಾತಾಡಲಿ ಅಂತ ಕಾದರು ಅಂತಲೇ ಇವತ್ತಿಗೂ ನನಗೆ ಅನ್ನಿಸುವುದು. ಆಮೇಲೆ ಅದನ್ನು ಖಾಕಿ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.

"ಗಾಡಿ ನಂದು. ಗಾಡೀಲಿ ಬಂದ ವಾಸ್ನೇನೂ ನಂದೇ. ಏನ್ ಹೇಳ್ತೀರೋ ಹೇಳಿ" ಅಂದರು.

ವಾಪಸ್ ಬಂದು ಪುರವರದಲ್ಲಿ ಗಾಡಿ ನಿಲ್ಲಿಸಿ, ಅಷ್ಟು ನೆಗಡಿಯಲ್ಲೂ ಡಬ್ಬವನ್ನು ಮೂರು ಸಲ ತೊಳೆದರು. ಏಳು ಗಂಟಿನ ಡಬ್ಬಿಯನ್ನು ಮರದಿಂದ ಇಳಿಸಿ, ಬೀಗದ ಕೈ ಸಮೇತ ನನ್ನ ಮುಂದಿಟ್ಟರು. "ಬೇರೆ ಡ್ರೈವರ್ ನೋಡ್ಕೊಳ್ಳಿ ಅಮ್ಮಾ. ವಾರಕ್ಕೊಂದ್ಸಲ ಬದಲಾಯಿಸೋದು ಮರೀಬೇಡಿ." ಮಿಡಿಗೇಶಿ ಬಸ್ಸಿಗೆ ನಡೆದುಕೊಂಡು ಹೋದರು.

ಎರಡು ದಿನ ಊಟ ಸೇರಲಿಲ್ಲ ಅಂತ ಬರೆದರೆ ನನ್ನ ಮೇಲೆ ನಾನೇ ಮರುಕ ಪಟ್ಟ ಹಾಗಾಗುತ್ತದೆ. ಊಟ ಮಾಡಿದೆ. ಆದರೆ ಸುದ್ದಿ ಮೂಟೆ ಕಟ್ಟಿಕೊಂಡು ತಿರುಗತೊಡಗಿತ್ತು. ಶಿರಾ ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ಬಂದವರೊಬ್ಬರು "ನಿಮ್ಮ ಡ್ರೈವರ್ರು ಹಂಗಂತೆ" ಅಂದರು. ಅದರ ಮಾರನೆಯ ದಿನ ಕೊರಟಗೆರೆಯವರು ಕೇಳಿದರು. ಎಲ್ಲರಿಗೂ ನಾನು ತಲೆ ಅಲ್ಲಾಡಿಸಿದೆ, ಹೌದು ಅಂತಲೂ ಅಲ್ಲ, ಅಲ್ಲ ಅಂತಲೂ ಅಲ್ಲ. ಮೂರನೇ ದಿನ ಬೆಳಿಗ್ಗೆ ಹೆಂಗಸರು ಕೆಲಸಕ್ಕೆ ಬಂದು ಅಭ್ಯಾಸಬಲದಿಂದ ಬಾಗಿಲಲ್ಲಿ ನಿಂತು ಕೈ ಚಾಚಿದರು. ಅಲ್ಲಿ ಯಾರೂ ಇರಲಿಲ್ಲ. ಅವರು ಕೈ ಕೆಳಗಿಳಿಸಿ ನನ್ನ ಮುಖ ನೋಡಿದರು. ನಾನು ಅಲ್ಲಿಂದಲೇ ಬಸ್ ಸ್ಟಾಂಡಿಗೆ ಹೋದೆ.

ಮದಲೂರಿನಲ್ಲಿ ರತ್ನಮ್ಮನಿಗೆ ಎಲ್ಲ ಹೇಳಿದೆ, ಸಂಚಿಯಿಂದ ಹಿಡಿದು ಮೂಸದೆ ಮೂಸಿದೆ ಅಂದ ಸುಳ್ಳಿನವರೆಗೆ. ಬೈಯಲಿ ಅಂತಲೇ ಹೋಗಿದ್ದೆ. ಅವಳು ಬೈಯಲಿಲ್ಲ.

"ಹುಳ ಹೋದವು. ಮುಂದಿನ ಸಲ ಮೇಯಿಸ್ತೀನಿ ಬುಡಕ್ಕ. ನಮ್ ಮಾವ ಆವಯ್ಯನ ಗದ್ದ ಹಿಡ್ಕೊಂಡು ಬಾಯಿ ಮೂಸಿದ್ನಲ್ಲ, ಅದನ್ನ ಹೆಂಗೆ ವಾಪಸ್ ತಗೊಳ್ಳಾದು?" ಅಂದಳು. ಒಳಗೆ ಹೋಗಿ ಮಾವನನ್ನು ಕರೆದಳು. "ಮಾವ, ಅಂಗಿ ಹಾಕ್ಕಳಿ. ಮಿಡಿಗೇಶಿಗೆ ಹೋಗ್ಬೇಕು."

ನಾವು ಮೂವರೂ ಹೋದಾಗ ಡ್ರೈವರಣ್ಣ ಊರ ಮುಂದಿನ ಜಗುಲಿಯ ಹತ್ತಿರ ಯಾರದೋ ಟ್ರಾಕ್ಟರಿನ ಬಾನೆಟ್ ಎತ್ತಿ, ಇಲಿಯ ಗೂಡನ್ನು ಹುಲ್ಲು ಹುಲ್ಲಾಗಿ ಹೊರಗೆ ತೆಗೆಯುತ್ತಿದ್ದರು. ಸುತ್ತ ಐದಾರು ಜನ. ನೆಗಡಿ ಬಿಟ್ಟಿತ್ತು. ನಾನು ಎಲ್ಲರೆದುರಿಗೆ ಹೇಳಿದೆ. ಸಂಚಿ ನನ್ನದು, ಸುಳ್ಳು ನನ್ನದು ಅಂತ. ಕೊನೆಯವರೆಗೂ ಹೇಳಿದೆ. ರತ್ನಮ್ಮನ ಮಾವ "ತಪ್ಪಾಯ್ತು ಯಜಮಾನ್ರೇ" ಅಂತ ಕೈ ಮುಗಿದ.

ಡ್ರೈವರಣ್ಣ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟರು. "ಇನ್ನೊಂಚೂರು ಹತ್ರ ಬನ್ನಿ" ಅಂದರು. ಮುದುಕ ಹೊಡೆತ ಬೀಳುತ್ತದೆ ಅಂತಲೇ ಅಂದುಕೊಂಡು ಕಣ್ಣು ಮುಚ್ಚಿ ಮುಂದೆ ಬಂದ. ಇವರು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಒಂದು ಉಸಿರೆಳೆದುಕೊಂಡರು.

"ಬೀಡಿ. ಬೆಳಿಗ್ಗೆಯಿಂದ ಎರಡು."

"ಮೂರು" ಅಂದ ಮುದುಕ.

"ದೇವುಡಾ! ಅವತ್ತೂ ಹಿಂಗೇ ಬೀಡಿ ಸೇದಿ ಹುಳದ ಮನೆ ಬಾಗ್ಲಲ್ಲಿ ನಿಂತ್ಕೊಂಡು ನನ್ ಬಾಯಿ ಮೂಸಿದ್ರಾ? ಸೊಸೆ ಗೂಡು ಬಿಡಿಸೋವರ್ಗೂ ಆ ಕಡೆ ತಲೆ ಹಾಕ್ಬೇಡಿ." ಮುದುಕ ಆಗಲಿ ಅಂತ ತಲೆಯಾಡಿಸಿದ. ಸುತ್ತ ನಿಂತವರು ನಕ್ಕರು. ಡ್ರೈವರಣ್ಣ ನಗಲಿಲ್ಲ.

ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು: "ಸಂಚಿ ಇಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲಮ್ಮ. ಗೊತ್ತಿಲ್ದೆ ಇಟ್ರಿ, ಇಲಿ ಭಯಕ್ಕೆ ಇಟ್ರಿ. ನನ್ ಮೂಗು ಕೆಟ್ಟಿತ್ತು. ಜೀವಮಾನದಲ್ಲಿ ಒಂದೇ ದಿನ ಇನ್ನೊಬ್ಬರ ಮೂಗು ಕೇಳ್ದೆ. ಮೂಸಿದ್ರಾ ಅಂದೆ. ಮೂಸಿದೆ ಅಂದ್ರಿ."

ನಾನು ಅತ್ತುಬಿಟ್ಟೆ.

ಮುಂದಿನ ವಾರ ಡ್ರೈವರಣ್ಣ ಕೆಲಸಕ್ಕೆ ವಾಪಸ್ ಬಂದರು. ಬೆಳಿಗ್ಗೆ ಬಾಗಿಲಲ್ಲಿ ಆರು ಜನರ ಕೈ ಮೂಸಿ ಒಳಗೆ ಬಿಟ್ಟ ಮೇಲೆ ನಾನು ಎಂದಿನ ಹಾಗೆ ದಾಟಿ ಹೋಗುತ್ತಿದ್ದೆ. "ಕೈ ಕೊಡಿ ಅಮ್ಮಾ" ಅಂದರು. ಕೊಟ್ಟೆ. ಆ ದಿನದಿಂದ ಒಂದು ದಿನವೂ ತಪ್ಪಿಸಲಿಲ್ಲ. ಸಂಚಿಯನ್ನು ಅವರು ಬಿಸಿನೀರಲ್ಲಿ ಕುದಿಸಿ, ಒಣಗಿಸಿ, ಮಡಚಿ ತಂದುಕೊಟ್ಟರು. ಅದರ ಮೂರು ಜೇಬನ್ನೂ ಹೊರಮಗ್ಗುಲಿಗೆ ತಿರುಗಿಸಿ ತೋರಿಸಿ ಕೊಟ್ಟರು. ರತ್ನಮ್ಮ ಎರಡನೇ ಸಲ ತೆಗೆದುಕೊಂಡ ಹುಳು ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಿತು. ಗೂಡು ಬಿಡಿಸಿದ ದಿನ ಅವಳು ಮೊದಲು ಫೋನ್ ಮಾಡಿದ್ದು ನನಗಲ್ಲ, ಡ್ರೈವರಣ್ಣನಿಗೆ.

ಕಣ್ಣು ಮಂಜಾದ ಮೇಲೆ ಎರಡು ವರ್ಷದ ಹಿಂದೆ ಗಾಡಿ ಬಿಟ್ಟರು. ಬಿಡುವ ಮೊದಲು ನಮ್ಮ ಆರು ಜನರಲ್ಲೇ ಒಬ್ಬಳಿಗೆ, ಉಪ್ಸಾರಿಗಾಗಿ ಕೂಗಾಡಿದ್ದಳಲ್ಲ, ಅವಳಿಗೇ ಗಾಡಿ ಕಲಿಸಿದರು. ಗಂಟು ಕಟ್ಟುವುದನ್ನೂ ಕಲಿಸಿದರು.

ಅವರು ಹೋದ ಸುದ್ದಿ ಬಂದಾಗ ನಮ್ಮಲ್ಲಿ ಹುಳು ಎರಡನೇ ಜ್ವರಕ್ಕೆ ಕೂತಿತ್ತು, ಸಂಜೆ ತಂಪಿಗೆ ಮದಲೂರಿಗೆ ಹೊರಡಬೇಕಿತ್ತು. ಹುಳು ಇರುವಾಗ ಸಾವಿನ ಮನೆಗೆ ಹೋಗುವವರು ನಮ್ಮಲ್ಲಿ ಕಡಿಮೆ, ಅಲ್ಲಿಯ ಹೊಗೆ, ವಾಸನೆ ಮೈಗೆ ಅಂಟಿಕೊಂಡು ಬರುತ್ತದೆ ಅಂತ. ನಾನು ಹೋದೆ. ಜಗುಲಿಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ಕಟ್ಟುಗಟ್ಟಲೆ ಊದುಬತ್ತಿ, ಕರ್ಪೂರ, ಸುಗಂಧರಾಜದ ಹಾರ, ಯಾರೋ ಪನ್ನೀರು ಬೇರೆ ಚಿಮುಕಿಸಿದ್ದರು. ಜೀವ ಇದ್ದಿದ್ದರೆ ಎದ್ದು ಹಿತ್ತಲಿಗೆ ಓಡುತ್ತಿದ್ದರು. ಅವರ ಹೆಂಡತಿ ನನ್ನನ್ನು ತಬ್ಬಿಕೊಂಡು ಅತ್ತರು. ಊದುಬತ್ತಿ ಹಚ್ಚಿ ಕೈಗೆ ಕೊಟ್ಟರು, ನಾನೂ ಸಿಕ್ಕಿಸಿದೆ.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ, ಬೂದಿ ಹಾಕಿ ಎರಡು ಸಲ ಕೈ ತೊಳೆದೆ. ಸಂಜೆ ಗಾಡಿ ಗಾಳಿಗೆ ಬಿಟ್ಟಿತ್ತು, ಏಳು ಗಂಟು ಮರ ಸೇರಿದ್ದವು, ತಟ್ಟೆ ಹಿಡಿದು ಹೆಂಗಸರು ಸಾಲಾಗಿ ನಿಂತಿದ್ದರು. ನಮ್ಮ ಹೊಸ ಡ್ರೈವರಮ್ಮ ಮಾಮೂಲಿನಂತೆ ಕರೆದಳು. "ಅಕ್ಕಾ, ಡಬ್ಬದೊಳಗೆ ಒಂದ್ಸಲ ಮೂಸಿ ನೋಡ್ ಬನ್ನಿ."

ನಾನು ಅಂಗೈಯನ್ನು ಮೂಗಿಗೆ ಹಿಡಿದುಕೊಂಡೆ. ಉಗುರಿನ ಸಂದಿಯಲ್ಲಿ ಇನ್ನೂ ಊದುಬತ್ತಿ ಇತ್ತು.

"ನನ್ನ ಕೈಯಲ್ಲಿ ವಾಸನೆ ಇದೆ ಕಣೇ. ಇವತ್ತು ನಾನು ಹತ್ತಿರ ಬರಲ್ಲ. ನೀನೇ ನೋಡು" ಅಂದು ಹೊಂಗೆ ಮರದ ಕೆಳಗೆ ಹೋಗಿ ನಿಂತೆ. ಅವಳು ಡಬ್ಬದ ಬಾಗಿಲಿಗೆ ಹೋಗಿ, ಇಣುಕಿ ತಿರುಗಿದಳು.

"ಏನಿಲ್ಲ ಅಕ್ಕಾ."

"ಮೂಸಿದ್ಯಾ?"

"ಮೂಸ್ದೆ."

"ನಿಜವಾಗ್ಲೂ ಮೂಸಿದ್ಯಾ?"

ಅವಳು ಅಷ್ಟು ದೂರದಿಂದ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಇನ್ನೊಂದು ಸಲ ಒಳಗೆ ಬಗ್ಗಿದಳು.